ಟರ್ಬೊ ಅಲ್ವಾ, ಎಳೆಯುತ್ತೆ ಬಿಡಿ!

ಪಿಕಪ್ ಗಾಡಿ ಇಟ್ಟುಕೊಂಡವನು ನಗೆಪಾಟಲಾಗೋದಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕಾಗಿಲ್ಲ. ಬೆಳಿಗ್ಗೆ ಎದ್ದು ಕೀ ತಿರುಗಿಸಿದರೆ ಸಾಕು, ಮಿಕ್ಕಿದ್ದನ್ನು ಗಿರಾಕಿಗಳು ನೋಡಿಕೊಳ್ಳುತ್ತಾರೆ.

ನಮ್ಮ ಮನೆ ಯಲಹಂಕದ ಹಳೇ ಟೌನಿನಲ್ಲಿ. ಏರ್‌ಪೋರ್ಟ್ ರಸ್ತೆಯುದ್ದಕ್ಕೂ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲದಲ್ಲಿ ನನ್ನ ಹಳೇ ಟೆಂಪೊ ಕೊಟ್ಟು ಹೊಸ ಪಿಕಪ್ ತಂದೆ. ಹಳೇದು ಲೋಡ್ ಹೊತ್ತು ಹೆಬ್ಬಾಳದ ಏರು ಹತ್ತುವಾಗ ಪಕ್ಕದ ಸೈಕಲ್ಲಿನವನು ನನ್ನನ್ನು ಕನಿಕರದಿಂದ ನೋಡಿಕೊಂಡು ಮುಂದೆ ಹೋಗುತ್ತಿದ್ದ. ಹೊಸದರಲ್ಲಿ ಟರ್ಬೊ ಇತ್ತು. ಇಂಜಿನ್ನಿಂದ ಹೊರಹೋಗುವ ಹೊಗೆಯ ರಭಸದಲ್ಲೇ ಒಂದು ಚಕ್ರ ತಿರುಗಿಸಿ ಇಂಜಿನ್ನಿನೊಳಕ್ಕೆ ಜಾಸ್ತಿ ಗಾಳಿ ನುಗ್ಗಿಸುತ್ತೆ, ಇಂಜಿನ್ ಜಾಸ್ತಿ ಎಳೆಯುತ್ತೆ. ಇರೋದು ಅಷ್ಟೇ. ಆದರೆ ಕಂಪನಿಯವರು ಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ಟರ್ಬೊ’ ಅಂತ ಬರೆದು ಕಳಿಸಿದ್ದೇ ನನಗೆ ಮುಳುವಾಯಿತು. ಓದಿದವರೆಲ್ಲ ತಮತಮಗೆ ಬೇಕಾದ ಅರ್ಥ ಮಾಡಿಕೊಂಡರು.

ಆಲೂಗಡ್ಡೆ

ಯಶವಂತಪುರದ ಮಂಡಿಯಲ್ಲಿ ಒಬ್ಬ ಸಾಹುಕಾರರಿದ್ದರು. ಹಳೇ ಟೆಂಪೊ ಇದ್ದಾಗ ನಾನು ಸಾಕು ಅಂದರೆ ಮೂಟೆ ಹಾಕಿಸುವುದನ್ನು ನಿಲ್ಲಿಸುತ್ತಿದ್ದರು. ಹೊಸ ಗಾಡಿ ಹಿಂದಕ್ಕೆ ಹಾಕಿ ನಿಲ್ಲಿಸಿದ ದಿನ ಬಾಗಿಲ ಮೇಲಿನ ಅಕ್ಷರವನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. ಅವತ್ತೇ ನನ್ನ ಗ್ರಹಚಾರ ಶುರುವಾಯಿತು.

“ಸಾಕು ಸಾರ್.”

“ಟರ್ಬೊ ಅಲ್ವಾ, ಎಳೆಯುತ್ತೆ ಬಿಡಿ.” ಹಮಾಲರು ಇನ್ನೊಂದು ಸಾಲು ಆಲೂಗಡ್ಡೆ ಮೂಟೆ ಏರಿಸಿದರು.

“ಸಾರ್, ಟರ್ಬೊ ಇರೋದು ಇಂಜಿನ್ನಿಗೆ. ಟೈರಿಗಲ್ಲ, ಸ್ಪ್ರಿಂಗ್ ಪಟ್ಟಿಗಲ್ಲ, ಬ್ರೇಕಿಗಂತೂ ಮೊದಲೇ ಇಲ್ಲ.”

“ನಿಮ್ ಗಾಡಿ ಮೇಲೆ ನಿಮಗೇ ನಂಬಿಕೆ ಇಲ್ವಲ್ರೀ!” ಇನ್ನೊಂದು ಸಾಲು ಏರಿತು.

ಗಾಡಿಯ ಹಿಂಭಾಗ ಕೂತುಬಿಟ್ಟಿತು, ಮೂತಿ ಆಕಾಶ ನೋಡುತ್ತಿತ್ತು. ಎಳೆಯಿತು, ಸುಳ್ಳು ಹೇಳಬಾರದು. ಆದರೆ ಮಂಡಿಯ ಗೇಟಿನಲ್ಲಿ ನಾನು ಎಡಕ್ಕೆ ತಿರುಗಿಸಿದರೆ ಗಾಡಿ ನೇರವಾಗಿ ಟೀ ಅಂಗಡಿ ಕಡೆ ಹೊರಟಿತು. ಮುಂದಿನ ಚಕ್ರಗಳು ನೆಲಕ್ಕೆ ಸುಮ್ಮನೆ ಮುತ್ತಿಡುತ್ತಿದ್ದವು ಅಷ್ಟೇ. ಅಂಗಡಿಯವನು ಹಾಲಿನ ಪಾತ್ರೆ ತಬ್ಬಿಕೊಂಡು ಓಡಿದ. ಹೇಗೋ ಬ್ರೇಕ್ ಒತ್ತಿ ನಿಲ್ಲಿಸಿ, ಇಳಿದು, ನಡೆದುಕೊಂಡೇ ವಾಪಸ್ ಹೋಗಿ ಸಾಹುಕಾರರ ಮುಂದೆ ನಿಂತೆ.

“ಸಾರ್, ಸ್ಟೇರಿಂಗ್ ಮಾತು ಕೇಳ್ತಿಲ್ಲ. ಹಿಂದೆ ತೂಕ ಜಾಸ್ತಿಯಾಗಿ ಮುಂದೆ ಎದ್ದುಬಿಟ್ಟಿದೆ.”

ಈ ಸಲ ಅವರಿಗೆ ನಿಜವಾಗಿಯೂ ಗಾಬರಿಯಾಯಿತು. ಗಲ್ಲ ಕೆರೆದುಕೊಂಡು ಗಂಭೀರವಾಗಿ ಯೋಚಿಸಿದರು. ಸದ್ಯ, ಅರ್ಥವಾಯಿತಲ್ಲ ಅಂತ ನಾನು ಉಸಿರು ಬಿಡುವಷ್ಟರಲ್ಲಿ ಹಮಾಲರ ಕಡೆ ತಿರುಗಿ ಕೂಗಿದರು:

“ಏಯ್, ಮುಂದೆ ತೂಕ ಕಮ್ಮಿಯಾಗಿದೆಯಂತೆ. ಡ್ರೈವರ್ ಪಕ್ಕದ ಸೀಟಿಗೂ ಎರಡು ಮೂಟೆ ಹಾಕ್ರೋ!”

ಸಿಳ್ಳೆ

ಟರ್ಬೊ ಗಾಡಿಗೆ ಒಂದು ಗುಣ. ಲೋಡ್ ಇರುವಾಗ ಜೋರಾಗಿ ಒತ್ತಿದರೆ ಒಳಗಿನ ಚಕ್ರದ ಸದ್ದು ಸುಯ್ಯ್ ಅಂತ ಸಿಳ್ಳೆಯ ಹಾಗೆ ಕೇಳುತ್ತೆ. ನನ್ನ ಗಾಡಿಯದ್ದು ಸ್ವಲ್ಪ ಜೋರು, ಸ್ವಲ್ಪ ಪೋಲಿ ಸಿಳ್ಳೆ.

ಒಂದು ಸಂಜೆ ಹೆಬ್ಬಾಳದಲ್ಲಿ ಸಿಗ್ನಲ್ ಬಿಟ್ಟಿತು, ನಾನು ಹೊರಟೆ. ಪಕ್ಕದಲ್ಲೇ ನಿಂತಿದ್ದ ಟ್ರಾಫಿಕ್ ಪೇದೆ ಸರ್ರನೆ ತಿರುಗಿ, ಕೈ ಅಡ್ಡ ಹಿಡಿದು ಗಾಡಿ ಪಕ್ಕಕ್ಕೆ ಹಾಕಿಸಿದರು.

“ಯಾರ್ರೀ ನನ್ನ ನೋಡಿ ಸಿಳ್ಳೆ ಹಾಕಿದ್ದು?”

“ನಾನಲ್ಲ ಸಾರ್. ಗಾಡಿ.”

“ಓಹೋ, ಗಾಡಿ ಸಿಳ್ಳೆ ಹಾಕುತ್ತಾ? ಹಾಕ್ಸಿ, ನೋಡೋಣ.”

ನಿಂತಲ್ಲೇ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಗುರ್ರೆಂದಿತು, ಸಿಳ್ಳೆ ಮಾತ್ರ ಬರಲಿಲ್ಲ. ಭಾರ ಬೀಳದೆ ಅದು ಬಾಯಿ ಬಿಡೋದಿಲ್ಲ.

“ಸಾರ್, ಓಡುವಾಗ ಮಾತ್ರ ಹಾಕುತ್ತೆ.”

“ಅಂದ್ರೆ ನಾನು ಎದುರಿಗಿದ್ರೆ ಹಾಕಲ್ಲ, ಬೆನ್ನು ತಿರುಗಿಸಿದ್ರೆ ಹಾಕುತ್ತೆ. ನಮ್ ಕಾಲೇಜ್ ಹುಡುಗರ ಥರಾನೇ.”

ಕೈಮುಗಿದು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸರ್ವೀಸ್ ರಸ್ತೆಯಲ್ಲಿ ಹೊರಟೆ. ಅವರು ರಸ್ತೆ ನೋಡಲಿಲ್ಲ, ನನ್ನ ತುಟಿಯನ್ನೇ ನೋಡುತ್ತಿದ್ದರು. ಎರಡನೇ ಗೇರಿನಲ್ಲಿ ಜೋರಾಗಿ ಒತ್ತಿದೆ. ಸುಯ್ಯ್! ನನ್ನ ತುಟಿ ಅಲುಗಿರಲಿಲ್ಲ. ನಂಬಿಕೆಯಾಗದೆ ಇನ್ನೊಂದು ಸಲ ಮಾಡಿಸಿದರು. ಈ ಸಲ ಎಡಗೈಯಿಂದ ಬಾಯಿ ಮುಚ್ಚಿಕೊಂಡೇ ಒತ್ತಿದೆ. ಸುಯ್ಯ್!

ಕೊನೆಗೆ ಒಪ್ಪಿಕೊಂಡು ಇಳಿದರು. ಇಳಿದವರು ಕಿಟಕಿಯೊಳಗೆ ತಲೆ ಹಾಕಿ ಹೇಳಿದರು: “ನಿಮ್ಮದೇನೂ ತಪ್ಪಿಲ್ಲ, ಹೋಗಿ. ಆದ್ರೆ ನಾಳೆಯಿಂದ ನನ್ನ ಮುಂದೆ ಹೋಗುವಾಗ ಇವಾಗ ಮಾಡಿದ್ರಲ್ಲ, ಹಂಗೇ ಬಾಯಿಗೆ ಕೈ ಇಟ್ಕೊಂಡು ಹೋಗಿ. ನೋಡೋರಿಗೂ ಗೊತ್ತಾಗಬೇಕಲ್ಲ!”

ಒಂದೇ ಕೈಯಲ್ಲಿ ಗಾಡಿ ಓಡಿಸಿದ್ದಕ್ಕೆ ಮುಂದಿನ ಸರ್ಕಲ್ಲಿನವರು ಹಿಡಿದರೆ ಏನು ಹೇಳಲಿ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

ಗುಸ್ಸಾ

ಆರ್.ಟಿ. ನಗರದಲ್ಲಿ ನನ್ನ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ ಭಾಯ್ ಮೊದಲ ಸರ್ವೀಸಿಗೇ ಎಚ್ಚರಿಕೆ ಕೊಟ್ಟಿದ್ದರು.

“ದೇಖೋ ಅಣ್ಣ, ದೂರದಿಂದ ಓಡಿಸ್ಕೊಂಡು ಬಂದು ಟಕ್ ಅಂತ ಆಫ್ ಮಾಡ್ಬೇಡಿ. ಟರ್ಬೊ ಕೆಂಡ ಆಗಿರ್ತದೆ. ಸ್ವಲ್ಪ ಹೊತ್ತು ಸ್ಟಾರ್ಟಲ್ಲೇ ಬಿಡಿ. ಅದರ ಗುಸ್ಸಾ ಇಳೀಲಿ, ಆಮೇಲೆ ಆಫ್ ಮಾಡಿ.”

ನಾನು ಹಾಗೇ ಮಾಡಿದೆ. ದಿನಾ ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡದೆ ಸೀಟಿನಲ್ಲೇ ಕೂತಿರುತ್ತಿದ್ದೆ. ಎದುರುಮನೆಯ ರಿಟೈರ್ಡ್ ಮೇಷ್ಟ್ರು ದಿನಾ ಹೊರಗೆ ಬಂದು ಕೇಳುತ್ತಿದ್ದರು.

“ಯಾರಿಗಾದ್ರೂ ಕಾಯ್ತಿದೀರಾ?”

“ಇಲ್ಲ ಮೇಷ್ಟ್ರೇ, ಟರ್ಬೊ ತಣ್ಣಗಾಗ್ಲಿ ಅಂತ.”

“ತಣ್ಣಗಾಗಬೇಕಾದ್ರೆ ಆಫ್ ಮಾಡಬೇಕಲ್ರೀ? ಒಲೆ ಉರಿಸಿಕೊಂಡೇ ಹಾಲು ಆರಿಸ್ತೀರಾ?”

ತಕ್ಷಣ ಆಫ್ ಮಾಡಿದರೆ ಬಿಸಿ ಎಣ್ಣೆ ಒಳಗೇ ನಿಂತು ಸೀದುಹೋಗುತ್ತೆ, ಇಂಜಿನ್ ಓಡುತ್ತಿದ್ದರೆ ಎಣ್ಣೆಯೂ ಓಡಾಡಿ ಬಿಸಿ ಇಳಿಯುತ್ತೆ ಅಂತ ವಿವರಿಸಿದೆ. ತಲೆಯಾಡಿಸಿದರು. ಮಾರನೇ ದಿನ ಮತ್ತೆ ಬಂದು, “ಯಾರಿಗಾದ್ರೂ ಕಾಯ್ತಿದೀರಾ?” ಅಂದರು.

ಹೀಗಿರುವಾಗ ಒಂದು ದಿನ ರಸ್ತೆಯಲ್ಲಿ ಸಾಯುವಷ್ಟು ಜಾಮ್. ಅಕ್ಕಪಕ್ಕದ ಗಾಡಿಯವರ ಜೊತೆ ಜಗಳಗಳನ್ನೆಲ್ಲ ಮುಗಿಸಿ ಮನೆಗೆ ಬಂದೆ. ಗಾಡಿಯನ್ನೇನೋ ನಿಧಾನವಾಗಿ ತಣಿಸಿ, ಪ್ರೀತಿಯಿಂದ ಬಂದ್ ಮಾಡಿದೆ. ಆದರೆ ಹೊಸ್ತಿಲು ದಾಟುತ್ತಲೇ ಕೂಗಾಡಲು ಶುರುಮಾಡಿದೆ. ಚಪ್ಪಲಿ ಇಲ್ಲಿ ಯಾಕಿದೆ, ಫ್ಯಾನ್ ಯಾಕೆ ಓಡ್ತಿದೆ, ಕಾಫಿ ಯಾಕೆ ಇನ್ನೂ ಆಗಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದಳು. ನನ್ನ ಎರಡೂ ಭುಜ ಹಿಡಿದು ತಿರುಗಿಸಿ, ಹೊರಗೆ ಬಿಟ್ಟು, ಬಾಗಿಲು ಹಾಕಿಕೊಂಡಳು. ಒಳಗಿನಿಂದ ದನಿ ಬಂತು:

“ಗಾಡಿಗೆ ಕೊಡೋ ಮರ್ಯಾದೆ ಮನೆಯವರಿಗೂ ಕೊಡಿ. ಅಲ್ಲೇ ಗೇಟ್ ಹತ್ರ ನಿಂತು ಗುಸ್ಸಾ ಇಳಿಸ್ಕೊಂಡು ಬನ್ನಿ.”

ಗೇಟಿಗೆ ಒರಗಿ ನಿಂತೆ. ಮೇಷ್ಟ್ರು ಹೊರಗೆ ಬಂದರು. ಗಾಡಿ ನೋಡಿದರು, ನನ್ನ ನೋಡಿದರು.

“ಇವತ್ತು ಗಾಡಿ ಆಫ್ ಮಾಡಿಯೂ ಇಲ್ಲೇ ನಿಂತಿದೀರಲ್ಲ?”

“ಗಾಡಿ ಆಫಾಗಿದೆ ಮೇಷ್ಟ್ರೇ. ನಾನು ಇನ್ನೂ ಸ್ಟಾರ್ಟಲ್ಲಿದೀನಿ.”

ಮಾವನ ಸೋಫಾ

ಒಬ್ಬರು ಆರ್.ಟಿ. ನಗರದ ಬಾಡಿಗೆ ಮನೆ ಬಿಟ್ಟು ರಾಜಾನುಕುಂಟೆಯ ಹೊಸ ಲೇಔಟಿಗೆ ಹೋಗುತ್ತಿದ್ದರು. ಸಾಮಾನು ತುಂಬಿದ್ದಾಯಿತು. ಯಜಮಾನರು ನನ್ನ ಪಕ್ಕ ಕೂತರು. ಅವರ ಮಾವನಿಗೆ ಮಾತ್ರ ಹೊಸ ಟಿವಿಯ ಚಿಂತೆ. “ನಾನು ಹಿಂದೆನೇ ಕೂತು ಹಿಡ್ಕೊಳ್ತೀನಿ” ಅಂತ ಹಟ ಹಿಡಿದರು. ಬೇಡ ಸ್ವಾಮಿ, ಪೊಲೀಸರು ಹಿಡೀತಾರೆ ಅಂದೆ. ಕೇಳಲಿಲ್ಲ. ಒರಗಿದರೆ ಬೆನ್ನು ಹಿಂದಕ್ಕೆ ಬಾಗಿ ಕಾಲಿನ ಹಲಗೆ ಮೇಲೇಳುವಂಥ ಒಂದು ಸೋಫಾ ಕುರ್ಚಿ ಇತ್ತು. ಅದರಲ್ಲಿ ಟಿವಿ ತಬ್ಬಿಕೊಂಡು ನೆಟ್ಟಗೆ ಕೂತರು.

ಟರ್ಬೊಗೆ ಇನ್ನೊಂದು ಚಾಳಿ ಇದೆ. ಒತ್ತಿದ ತಕ್ಷಣ ಎಳೆಯಲ್ಲ. ಏನು ಎತ್ತ ಅಂತ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಒಮ್ಮೆಲೇ ಒದೆಯುತ್ತೆ.

ಹೆಬ್ಬಾಳದ ಫ್ಲೈಓವರ್ ಏರಿನಲ್ಲಿ ಗಾಡಿ ತೆವಳತೊಡಗಿತು. ಹಿಂದಿನ ಬಸ್ಸಿನವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ.

“ಒತ್ರೀ! ಯಾಕ್ ಒತ್ತುತ್ತಿಲ್ಲ?” ಅಂದರು ಯಜಮಾನರು.

“ಒತ್ತಿದೀನಿ ಸಾರ್. ಬರುತ್ತೆ.”

“ಯಾವಾಗ? ಗೃಹಪ್ರವೇಶ ಮುಗಿದ ಮೇಲಾ?”

ಅಷ್ಟರಲ್ಲಿ ಬಂತು. ಗಾಡಿ ಜಿಗಿಯಿತು. ಹಿಂದಿನಿಂದ “ಅಯ್ಯಪ್ಪಾ!” ಅಂತ ಒಂದು ಕೂಗು. ಕನ್ನಡಿ ನೋಡಿದೆ. ಅಲ್ಲಿವರೆಗೂ ಕಾಣುತ್ತಿದ್ದ ಮಾವನ ತಲೆ ಕಾಣಲಿಲ್ಲ. ಯಜಮಾನರೂ ತಿರುಗಿ ನೋಡಿದರು.

“ಮಾವ ಇಲ್ಲ! ರೀ, ಮಾವ ಬಿದ್ದುಹೋದ್ರು! ನನ್ ಹೆಂಡ್ತಿಗೆ ಏನ್ ಹೇಳ್ಲಿ?”

ಫ್ಲೈಓವರ್ ಮೇಲೆ ನಿಲ್ಲಿಸುವ ಹಾಗಿಲ್ಲ. ಇಳಿದ ಕೂಡಲೇ ಪಕ್ಕಕ್ಕೆ ಹಾಕಿ ಇಬ್ಬರೂ ಹಿಂದಕ್ಕೆ ಓಡಿದೆವು. ಕುರ್ಚಿ ಪೂರ್ತಿ ಬಿಚ್ಚಿಕೊಂಡು ಮಂಚವಾಗಿತ್ತು. ಮಾವ ಅಂಗಾತ ಮಲಗಿದ್ದರು, ಎದೆಯ ಮೇಲೆ ಟಿವಿ, ಕಣ್ಣು ಮೋಡದ ಮೇಲೆ.

“ಮಾವ! ಏನಾಯ್ತು? ಪೆಟ್ಟಾಯ್ತಾ?”

ಮಾವ ತಲೆ ಮಾತ್ರ ತಿರುಗಿಸಿದರು. “ಅಳಿಯಂದ್ರೇ, ಮಗಳನ್ನ ಕೊಟ್ಟು ಇಷ್ಟು ವರ್ಷಕ್ಕೆ ಮೊದಲ ಸಲ ನಿಮ್ಮನೆ ಸೋಫಾದಲ್ಲಿ ಕಾಲು ಚಾಚಿದೀನಿ. ಅದಕ್ಕೂ ಕಲ್ಲು ಹಾಕ್ಬೇಡಿ. ನಡೀರಿ.”

ಗೌರಿ

ಹೆಸರಘಟ್ಟದ ಕಡೆಯ ಒಂದು ಹಳ್ಳಿಗೆ ಹಸುವಿನ ಮೇವು ಇಳಿಸಲು ಹೋಗಿದ್ದೆ. ಬೆಳಗಿನ ಹೊತ್ತು. ಮೇವು ಇಳಿಸಿ ಮುಗಿಸಿದ್ದೆನಷ್ಟೇ, ಪಕ್ಕದ ಮನೆಯ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

“ಅಪ್ಪಾ, ನಮ್ ಗೌರಿ ಒಟ್ಟೆ ಉಬ್ಬುಸ್ಕಂಡವಳೆ. ಎಬ್ಬಾಳದ ದನದ ಆಸ್ಪತ್ರೆಗೆ ಬಿರ್ರನೆ ಕರ್ಕಂಡೋಗು. ಒಂದೇ ಅಸ ಕಣಪ್ಪ ನಂಗಿರಾದು.”

ಹೋಗಿ ನೋಡಿದೆ. ಗೌರಿ ಹಸಿ ಸೊಪ್ಪು ಸಿಕ್ಕಾಪಟ್ಟೆ ತಿಂದು ಎಡಗಡೆ ಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಕಣ್ಣು ಮೇಲೆ ಮಾಡಿ ಏದುಸಿರು ಬಿಡುತ್ತಿತ್ತು. ಹೊಟ್ಟೆಯೊಳಗಿನ ಗಾಳಿ ಹೊರಗೆ ಬರದಿದ್ದರೆ ದನ ಬದುಕೋದಿಲ್ಲ ಅನ್ನೋದು ನನಗೂ ಗೊತ್ತಿತ್ತು. ಊರವರೆಲ್ಲ ಸೇರಿ ಹಸುವನ್ನು ಗಾಡಿಗೆ ಹತ್ತಿಸಿ, ಮುಖ ಮುಂದಕ್ಕೆ ಮಾಡಿ ಕಟ್ಟಿದರು. ಅಜ್ಜಿ ನನ್ನ ಪಕ್ಕ ಕೂತು ಒಂದೇ ಸಮನೆ ಹಿಂದಕ್ಕೆ ನೋಡುತ್ತಿದ್ದರು.

ಹಳ್ಳಿ ದಾಟಿದರೆ ಒಂದು ದೊಡ್ಡ ದಿಬ್ಬ. ರಸ್ತೆಯೆಲ್ಲ ಹಳ್ಳ. ನಿಧಾನ ಮಾಡಿದೆ, ಟರ್ಬೊ ಮಲಗಿಬಿಟ್ಟಿತು.

“ಇದೇನಪ್ಪ, ಎತ್ತಿನ ಗಾಡಿ ಓದಂಗೆ ಓಯ್ತದೆ? ಬಾಗ್ಲು ಮ್ಯಾಲೆ ಏನೇನೋ ಬರ್ಕಂಡಿದೀಯ?”

“ಅಜ್ಜಿ, ಎಳೆಯುತ್ತೆ, ಒಂಚೂರು ತಾಳಿ.”

“ನಾನ್ ತಾಳ್ತೀನಿ ಕಣಪ್ಪ. ಗೌರಿ ತಾಳಬೇಕಲ್ಲ!”

ಗೇರ್ ಇಳಿಸಿ ಪೂರ್ತಿ ಒತ್ತಿದೆ. ದಿಬ್ಬದ ಅರ್ಧದಲ್ಲಿ ಟರ್ಬೊ ಎದ್ದಿತು. ಗಾಡಿ ಮೂತಿ ಎತ್ತಿ ಧಡ್ಡನೆ ಮುಂದಕ್ಕೆ ಹಾರಿತು. ಅದೇ ಕ್ಷಣಕ್ಕೆ ಹಿಂದಿನಿಂದ ‘ಭೂಂ… ಬುಸ್ಸ್ಸ್’ ಅಂತ ಎಂಥಾ ಸದ್ದು ಬಂತು ಅಂದರೆ, ಗಾಡಿಯ ಗಾಜೇ ಅದುರಿತು. ಕೆಟ್ಟೆ, ಟರ್ಬೊದ ಗಾಳಿ ಪೈಪು ಒಡೆಯಿತು ಅಂದುಕೊಂಡೆ. ದಿಬ್ಬದ ಮೇಲೆ ನಿಲ್ಲಿಸಿ, ಹಾರಿ ಇಳಿದು, ಬಾನೆಟ್ ಎತ್ತಿ ಒಳಗೆ ತಲೆ ತೂರಿಸಿದೆ. ಪೈಪು ಸರಿಯಾಗೇ ಇತ್ತು. ಆದರೆ ಕೊಳೆತ ಸೊಪ್ಪಿನ ವಾಸನೆ ತಡೆಯಲಾಗುತ್ತಿರಲಿಲ್ಲ. ಇಂಜಿನ್ನಿನಿಂದ ಇಂಥ ವಾಸನೆ ಯಾವತ್ತೂ ಬಂದಿರಲಿಲ್ಲವಲ್ಲ ಅಂತ ಒಂದೊಂದೇ ಪೈಪು ಮೂಸುತ್ತಿದ್ದೆ.

ಅಜ್ಜಿ ಹಿಂದೆ ನಿಂತು ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಅಲ್ಲೇನ್ ಮೂಸ್ತೀಯಪ್ಪ? ನಿನ್ ಗಾಡಿ ಅಲ್ಲ, ನಮ್ ಗೌರಿ!”

ಏರಿನಲ್ಲಿ ಹಸುವಿನ ಮುಂಭಾಗ ಮೇಲಾಗಿ, ಗಾಡಿ ಜಗ್ಗಿದ ಏಟಿಗೆ ಒಳಗಿದ್ದ ಗಾಳಿಯೆಲ್ಲ ತೇಗಾಗಿ ಹೊರಬಂದಿತ್ತು. ಹೊಟ್ಟೆ ಇಳಿದಿತ್ತು. ಗೌರಿ ಹಿಂದುಗಡೆ ನಿಂತು ಮೂಲೆಯಲ್ಲಿ ಉಳಿದಿದ್ದ ಮೇವಿನ ಚೂರನ್ನು ಆರಿಸುತ್ತಿತ್ತು. ಆದರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಔಷಧಿ ಕುಡಿಸಿ, “ಮುಂದಿನ ಕಾಲು ಎತ್ತರದಲ್ಲಿ ಇರೋ ಹಾಗೆ ನಿಲ್ಲಿಸಿದ್ರೆ ಗಾಳಿ ಹೊರಗೆ ಬರುತ್ತೆ. ಒಳ್ಳೇದಾಯ್ತು” ಅಂದರು.

ಅವರು ಅಷ್ಟು ಹೇಳಿದ್ದೇ ಸಾಕಾಯಿತು. ಅಜ್ಜಿ ಊರಿಗೆ ಹೋಗಿ ಏನು ಹೇಳಿದರೋ, ಆ ಸೀಮೆಯಿಂದ ಫೋನುಗಳು ಶುರುವಾದವು. ಎಮ್ಮೆಗೆ ಉಬ್ಬರ, ಕರುವಿಗೆ ಉಬ್ಬರ, ಬನ್ನಿ. ಆಸ್ಪತ್ರೆಗೆ ತಾನೇ ಅಂದರೆ, “ಆಸ್ಪತ್ರೆ ಯಾಕಣ್ಣ? ದಿಬ್ಬ ಅತ್ತಿ ಇಳಿದ್ರೆ ಆಯ್ತು” ಅನ್ನೋರು. ದನದ ಡಾಕ್ಟರಿಗೇ ಫೋನ್ ಮಾಡಿ ಅಂತ ಬೈದೆ, ಬೇಡಿಕೊಂಡೆ, ನಂಬರೇ ಬದಲಾಯಿಸಲಾ ಅಂತ ಯೋಚಿಸಿದೆ. ಮೇಲ್ಸೇತುವೆ ಮೇಲೆ ಲೋಡ್ ಎಳೆಯಲಿ ಅಂತ ಆಸೆಪಟ್ಟು ತಂದ ಗಾಡಿಗೆ ಹೆಸರಘಟ್ಟದ ಕಡೆ ‘ಗ್ಯಾಸ್ ಗಾಡಿ’ ಅಂತಲೇ ಹೆಸರಾಯಿತು.

ಎಲ್ಲ ತಣ್ಣಗಾಯಿತು ಅಂದುಕೊಂಡಿದ್ದಾಗ ಒಂದು ಬೆಳಿಗ್ಗೆ ಮತ್ತೆ ಫೋನು.

“ಅಣ್ಣ, ಗ್ಯಾಸ್ ಗಾಡಿಯವ್ರಾ? ಮೂರ್ ದಿನದಿಂದ ಒಟ್ಟೆ ಉಬ್ಬರ. ಏನ್ ಕೊಟ್ರೂ ಇಳೀತಿಲ್ಲ.”

ನನಗೆ ರೇಗಿಹೋಯಿತು. “ನೋಡಪ್ಪಾ, ನಾನು ಹಸು ತುಂಬೋದಿಲ್ಲ, ಎಮ್ಮೆ ತುಂಬೋದಿಲ್ಲ. ಇನ್ಮೇಲೆ ಯಾವ ದನಾನೂ ಈ ಗಾಡಿಗೆ ಹತ್ತಿಸೋದಿಲ್ಲ!”

ಆ ಕಡೆಯವನು ದನಿ ತಗ್ಗಿಸಿ ಹೇಳಿದ:

“ದನ ಅಲ್ಲಣ್ಣ, ನಮ್ಮಪ್ಪ. ಸುಮ್ನೆ ನಿಂತ್ಕತಾರೆ, ಒದೆಯಾಕಿಲ್ಲ. ಕಟ್ಟಾಕಕ್ಕೆ ಅಗ್ಗ ನಾವೇ ತತ್ತೀವಿ.”