ಎರಡನೇ ಮಹಡಿಯ ಬೊಗಳುವ ಪೆಟ್ಟಿಗೆಯವರಿಗೆ

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ, ನಿವಾಸಿಗಳ ಸಂಘದ ಅಧ್ಯಕ್ಷರ ಬಾಗಿಲ ಚೌಕಟ್ಟಿನ ಮೇಲೆ ಸ್ಕ್ರೂಗಳ ಆಧಾರದಿಂದ ವಿರಾಜಮಾನರಾಗಿರುವ, ಮೆಟ್ಟಿಲ ಮೇಲೆ ಯಾರೇ ಅಲುಗಾಡಿದರೂ ದೊಡ್ಡ ನಾಯಿಯ ದನಿಯಲ್ಲಿ ಬೊಗಳಿ ಕಳ್ಳರನ್ನು ಓಡಿಸುವ ಹೊಣೆ ಹೊತ್ತಿರುವ ಪೆಟ್ಟಿಗೆಯವರ ಸನ್ನಿಧಾನಕ್ಕೆ, ಮೂರನೇ ಮಹಡಿಯ ನಿವಾಸಿಯೊಬ್ಬಳ ನಮಸ್ಕಾರಗಳು.

ಮಾನ್ಯರೇ,

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು, ಬಂದ ಪತ್ರಗಳಿಗೆಲ್ಲ ‘ಸ್ವೀಕರಿಸಲಾಗಿದೆ’ ಎಂದು ಮುದ್ರೆ ಒತ್ತುವುದು ನನ್ನ ಉದ್ಯೋಗ. ಸಿಟ್ಟಿನಲ್ಲಿ ಬರೆದ ದೂರನ್ನು ನಮ್ಮಲ್ಲಿ ಯಾರೂ ಎರಡನೇ ಸಾಲಿನಿಂದಾಚೆ ಓದುವುದಿಲ್ಲವಾದ್ದರಿಂದ, ತಮ್ಮ ಮೇಲೆ ನನಗಿರುವ ಸಿಟ್ಟನ್ನೆಲ್ಲ ಹಲ್ಲು ಕಚ್ಚಿ ತಡೆದುಕೊಂಡು, ಅತ್ಯಂತ ವಿನಯದಿಂದ ಈ ಬಹಿರಂಗ ಪತ್ರವನ್ನು ಸಲ್ಲಿಸುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಕೆಳಗಿನ ನೋಟಿಸ್ ಬೋರ್ಡಿಗೂ ಅಂಟಿಸಿದ್ದೇನೆ.

ಗುಬ್ಬಿ ಎಂಬ ನಾಯಿ ನಮ್ಮ ಮನೆಗೆ ಬಂದದ್ದು ತಮಗೆ ತಿಳಿದಿರಲಾರದು, ಏಕೆಂದರೆ ಅವಳು ಬಂದದ್ದು ನಮಗೇ ಸರಿಯಾಗಿ ತಿಳಿಯಲಿಲ್ಲ. ದಿಕ್ಕಿಲ್ಲದ ನಾಯಿಗಳ ಆಶ್ರಯ ಕೇಂದ್ರದಿಂದ ಅವಳನ್ನು ಬುಟ್ಟಿಯಲ್ಲಿ ತಂದು ನಡುಮನೆಯಲ್ಲಿ ಇಳಿಸಿ, ಬುಟ್ಟಿಯ ಮುಚ್ಚಳ ತೆಗೆದು ನಾವು ‘ಬಾ ಬಂಗಾರ’ ಎನ್ನುವುದರೊಳಗೆ ಅವಳು ಬಟ್ಟೆ ಒಗೆಯುವ ಯಂತ್ರದ ಹಿಂದೆ ಸೇರಿಬಿಟ್ಟಿದ್ದಳು. ಆಮೇಲೆ ಬಹಳ ದಿನ, ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತಿದ್ದ ತಟ್ಟೆಯೊಂದೇ ನಮ್ಮ ಮನೆಯಲ್ಲಿ ನಾಯಿಯಿದೆ ಎನ್ನುವುದಕ್ಕೆ ಆಧಾರ. ಕೊಡೆ ಬಿಚ್ಚಿದರೆ ನಡುಕ, ಪೇಪರಿನ ಹಾಳೆ ತಿರುವಿದರೆ ನಡುಕ, ತನ್ನದೇ ನೀರಿನ ಬೋಗುಣಿಗೆ ಕಾಲು ತಗುಲಿ ಸದ್ದಾದರೂ ನಡುಕ. ಬೊಗಳುವುದಿರಲಿ, ಅವಳು ಕುಂಯ್ ಎಂದದ್ದನ್ನೂ ನಾವು ಕೇಳಿರಲಿಲ್ಲ.

ಆಶ್ರಯ ಕೇಂದ್ರದ ಮೇಡಂ ಫೋನಿನಲ್ಲಿ ಪಾಠ ಹೇಳಿಕೊಟ್ಟರು. ನಾಯಿಯ ಕಣ್ಣಲ್ಲಿ ಕಣ್ಣಿಡಬಾರದು, ಮೇಲೆ ಬಗ್ಗಬಾರದು, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂರಬೇಕು, ಅದಾಗಿಯೇ ಹತ್ತಿರ ಬರುವವರೆಗೆ ಅದರ ಪಾಡಿಗೆ ಅದನ್ನು ಬಿಡಬೇಕು. ಬಸ್ ನಿಲ್ದಾಣದ ಮೈಕಿನಲ್ಲಿ ದಿನವಿಡೀ ಬಸ್ಸುಗಳನ್ನು ಕೂಗುವ ನಮ್ಮವರು ಮನೆಗೆ ಬಂದೊಡನೆ ಪಿಸುಮಾತಿಗೆ ಇಳಿದರು. ಮದುವೆಯಾದಾಗಿನಿಂದ ನಾನು ಬೇಡಿಕೊಂಡರೂ ಆಗದಿದ್ದದ್ದು ಒಂದು ನಾಯಿಯಿಂದ ಆಯಿತು. ‘ನಾಯಿ ಬಂದ್ರೆ ನಾನು ಮಗಳ ಮನೆಗೆ ಹೊರಟೆ’ ಎಂದಿದ್ದ ನಮ್ಮತ್ತೆ, ಹೋಗುವ ಬದಲು ಒಗೆಯುವ ಯಂತ್ರಕ್ಕೆ ಬೆನ್ನು ಮಾಡಿ ಕೂತು, ತರಕಾರಿ ಹೆಚ್ಚುತ್ತಾ, ನನ್ನ ಮೇಲಿನ ಚಾಡಿಯನ್ನೆಲ್ಲ ಮೆಲುದನಿಯಲ್ಲಿ ಗುಬ್ಬಿಗೆ ಒಪ್ಪಿಸತೊಡಗಿದರು. ಆ ಚಾಡಿ ಕೇಳಲೆಂದೇ ಒಂದು ಮಧ್ಯಾಹ್ನ ಗುಬ್ಬಿ ಹೊರಗೆ ಬಂದು ಅತ್ತೆಯ ಸೆರಗಿನ ತುದಿಯ ಮೇಲೆ ಮೂತಿಯಿಟ್ಟಳು. ಅತ್ತೆ ಕಾಲು ಜೋಮು ಹಿಡಿದರೂ ಸಂಜೆಯವರೆಗೆ ಏಳಲಿಲ್ಲ.

ಇಷ್ಟಾದ ಮೇಲೆ ಬೀದಿಗೆ ಹೋಗಿ ಬರುವುದನ್ನು ಕಲಿಸಬೇಕಿತ್ತು. ಲಿಫ್ಟಿನ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವುದನ್ನು ಕಂಡು ಅವಳು ಅಲ್ಲೇ ಒದ್ದೆ ಮಾಡಿದ್ದರಿಂದ ಮೆಟ್ಟಿಲೇ ಗತಿಯಾಯಿತು. ಮೆಟ್ಟಿಲ ದಾರಿಯಲ್ಲಿ ತಾವಿದ್ದಿರಿ! ಅತ್ತೆಯ ಚಾಡಿ ಕೇಳಿ ಕೇಳಿ ಗಟ್ಟಿಯಾಗಿದ್ದ ಆ ಪುಟ್ಟ ಎದೆ ತಮ್ಮ ಮೊದಲ ಗರ್ಜನೆಗೇ ಒಡೆದುಹೋಗಿ, ಗುಬ್ಬಿ ಕೊರಳಪಟ್ಟಿ ಹರಿದುಕೊಂಡು ಮತ್ತೆ ಒಗೆಯುವ ಯಂತ್ರದ ಹಿಂದೆ ಸೇರಿಕೊಂಡಳು. ಅಭಿನಂದನೆಗಳು. ನಾವು ವಾರಗಟ್ಟಲೆ ಕಟ್ಟಿದ್ದನ್ನು ತಾವು ಕ್ಷಣದಲ್ಲಿ ಕೆಡವಿದಿರಿ, ಅದೂ ತಲೆ, ಬಾಲ, ಹೊಟ್ಟೆ ಯಾವುದರ ಹಂಗೂ ಇಲ್ಲದೆ.

‘ಹೆದರಿಸೋ ಸದ್ದು ಬಂದಾಗಲೆಲ್ಲ ಏನಾದ್ರೂ ರುಚಿಯಾದ್ದು ಕೊಡಿ, ದೂರದಿಂದ ಶುರು ಮಾಡಿ’ ಎಂದರು ಮೇಡಂ. ಅದರಂತೆ ನಾನು ಮೇಲಿನ ಮೆಟ್ಟಿಲಲ್ಲಿ ಗುಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬೇಯಿಸಿದ ಮೊಟ್ಟೆಯ ಚೂರುಗಳನ್ನು ಹಿಡಿದು ಕೂರುವುದು, ನಮ್ಮವರು ಕೆಳಗಿಳಿದು ತಮ್ಮೆದುರು ಕೈ ಬೀಸುವುದು, ತಾವು ಬೊಗಳುವುದು, ನಾನು ಅವಳ ಬಾಯಿಗೆ ಮೊಟ್ಟೆ ಹಾಕುವುದು. ಹೀಗೆ ಬೆಳಿಗ್ಗೆ ಸಂಜೆ ನಡೆಯಿತು. ಒಳ್ಳೆಯ ಉದ್ಯೋಗದಲ್ಲಿರುವ, ತಲೆ ನೆಟ್ಟಗಿರುವ ಗಂಡಸೊಬ್ಬ ಪರರ ಬಾಗಿಲ ಮುಂದೆ ಕೊಕ್ಕರೆಯ ಹಾಗೆ ರೆಕ್ಕೆ ಬಡಿಯುವುದನ್ನು ನೋಡಿ ಪೇಪರಿನವನು ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿದ. ಆದರೆ ಗುಬ್ಬಿ ಒಂದೊಂದೇ ಮೆಟ್ಟಿಲು ಕೆಳಗೆ ಇಳಿದಳು.

ಆ ದಿನಗಳಲ್ಲೇ ತಮಗೊಂದು ಮನವಿ ಸಲ್ಲಿಸಬೇಕೆಂದಿದ್ದೆ. ತಾವು ಬೊಗಳುವ ಮುನ್ನ ಒಮ್ಮೆ ಗಂಟಲು ಸರಿಪಡಿಸಿಕೊಂಡು ಸೂಚನೆ ಕೊಡಬೇಕು, ವಾರಕ್ಕೊಮ್ಮೆಯಾದರೂ ಗಂಟಲು ಕಟ್ಟಿದೆಯೆಂದು ರಜೆ ಹಾಕಬೇಕು, ಸಾಧ್ಯವಾದರೆ ಗೋಡೆಯಿಂದ ಇಳಿದು ಬಂದು ನಾಯಿಗಳ ಪದ್ಧತಿಯಂತೆ ಪರಸ್ಪರ ಮೂಸಿ ಪರಿಚಯ ಮಾಡಿಕೊಳ್ಳಬೇಕು. ತಮ್ಮ ಹಿಂಭಾಗವನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿದಿರುವುದರಿಂದ ಮೂರನೆಯ ಬೇಡಿಕೆಗೆ ಒತ್ತಾಯವಿರಲಿಲ್ಲ.

ಅಷ್ಟರಲ್ಲಿ ಬಂತು ನೋಟಿಸು. ಮೂರನೇ ಮಹಡಿಯ ನಾಯಿ ಬೆಳಿಗ್ಗೆ ಸಂಜೆ ಮೆಟ್ಟಿಲಲ್ಲಿ ವಿಪರೀತ ಬೊಗಳಿ ನೆಮ್ಮದಿಗೆ ಭಂಗ ತರುತ್ತಿದೆಯೆಂದು ಮೊದಲ ಮಹಡಿಯ ಸಂಗೀತದ ಮೇಷ್ಟ್ರು ದೂರಿದ್ದರು. ತಿಂಗಳ ಕೊನೆಯೊಳಗೆ ಅದನ್ನು ಬಂದಲ್ಲಿಗೆ ಕಳಿಸತಕ್ಕದ್ದು ಎಂದು ತಮ್ಮ ಯಜಮಾನರಾದ ಅಧ್ಯಕ್ಷರು ಸಹಿ ಹಾಕಿದ್ದರು. ನಾನು ಅವರ ಬಾಗಿಲು ತಟ್ಟಿದೆ. ಎಂದಿನಂತೆ ಅವರು ಸರಪಳಿ ತೆಗೆಯದೆ ಸಂದಿಯಿಂದಲೇ ಮಾತನಾಡಿದರು. ‘ಸರ್, ಬೊಗಳ್ತಿರೋದು ನಿಮ್ಮ ಪೆಟ್ಟಿಗೆ’ ಎಂದರೆ, ‘ಅದು ಬೊಗಳೋದಲ್ಲಮ್ಮ, ಅದು ಸೆಕ್ಯುರಿಟಿ. ಬೊಗಳೋದು ಅಂದ್ರೆ ನಾಯಿ’ ಎಂದು ಬಾಗಿಲು ಹಾಕಿಕೊಂಡರು. ಆಗಲೂ ತಾವು ಬೊಗಳುತ್ತಲೇ ಇದ್ದಿರಿ.

ಮಾನ್ಯರೇ, ಅಂದು ನನಗೆ ಅಳು ಬಂತು. ಒಮ್ಮೆ ವಾಪಸು ಬಂದ ನಾಯಿ ಮತ್ತೊಬ್ಬರನ್ನು ನಂಬುವುದು ತೀರಾ ಕಷ್ಟ ಎಂದು ಮೇಡಂ ಹೇಳಿದ್ದರು. ಅವಳನ್ನು ಮತ್ತೆ ಅದೇ ಬುಟ್ಟಿಯಲ್ಲಿ ಕೂರಿಸಿ ಮುಚ್ಚಳ ಹಾಕುವುದನ್ನು ನೆನೆದು, ಬುಟ್ಟಿಯನ್ನೇ ಅಟ್ಟಕ್ಕೆ ಎಸೆದೆ. ಅತ್ತೆಯಂತೂ ಎರಡು ಹೊತ್ತು ಊಟ ಬಿಟ್ಟು, ಗುಬ್ಬಿಗೆ ಚಾಡಿ ಹೇಳುವುದನ್ನೂ ನಿಲ್ಲಿಸಿದರು. ನನ್ನ ಮನವಿಯ ಮೇರೆಗೆ, ನಾಯಿಯನ್ನು ಕಣ್ಣಾರೆ ಕಂಡು ತೀರ್ಮಾನಿಸುವುದೆಂದು ಸಂಘ ಒಪ್ಪಿತು.

ಭಾನುವಾರ ಬೆಳಿಗ್ಗೆ ಸಂಘದ ಕಾರ್ಯದರ್ಶಿಯೂ ಸಂಗೀತದ ಮೇಷ್ಟ್ರೂ ಮೆಟ್ಟಿಲು ಹತ್ತಿ ಬಂದೊಡನೆ ತಾವು ಇಬ್ಬರನ್ನೂ ಕಳ್ಳರೆಂದು ಬಗೆದು ಬೊಗಳಿದ್ದು ತಮಗೆ ನೆನಪಿರಬಹುದು. ಯಾರ ಮಾತು ಯಾರಿಗೂ ಕೇಳಿಸದಿದ್ದಾಗ ಕಾರ್ಯದರ್ಶಿಗಳೇ ‘ಸಾರ್, ಅದನ್ನೊಂದು ಗಳಿಗೆ ಆಫ್ ಮಾಡಿ’ ಎಂದು ಗದರಬೇಕಾಯಿತು. ಅಧ್ಯಕ್ಷರು ಸಂದಿಯಿಂದ ಕೈ ಚಾಚಿ ಗುಂಡಿ ಒತ್ತಿದರು. ಗುಬ್ಬಿಯನ್ನು ಕರೆತಂದೆವು. ಎಲ್ಲೆಲ್ಲೂ ನಿಶ್ಶಬ್ದ. ಇನ್ನೇನು ನಿರಪರಾಧಿ ಎಂದು ಬಿಡುಗಡೆಯಾಗಬೇಕು, ಅಷ್ಟರಲ್ಲಿ ಗುಬ್ಬಿ ಕತ್ತೆತ್ತಿ ತಮ್ಮನ್ನು ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಮೊಟ್ಟೆಯನ್ನು ನೋಡಿದಳು. ಬೊಗಳದೆ ಮೊಟ್ಟೆ ಬರುವುದಿಲ್ಲವೆಂದು ನಾವೇ ಕಲಿಸಿದ್ದೆವಷ್ಟೆ. ತಾವು ಸುಮ್ಮನಿರುವುದನ್ನು ಕಂಡು, ಯಾರಾದರೂ ಈ ಕೆಲಸ ಮಾಡಲೇಬೇಕಲ್ಲ ಎಂಬಂತೆ ಮುಂಗಾಲೂರಿ, ಜನ್ಮದಲ್ಲಿ ಮೊದಲ ಬಾರಿಗೆ ಅವಳೇ ಬೊಗಳಿಬಿಟ್ಟಳು.

ಬುದ್ಧಿಯಿರುವ ಹೆಂಗಸು ಆಗ ಅವಳ ಬಾಯಿ ಮುಚ್ಚುತ್ತಿದ್ದಳು. ನಾನು ಮೊಟ್ಟೆ ಹಾಕಿದೆ. ಅತ್ತೆ ಚಪ್ಪಾಳೆ ತಟ್ಟಿದರು. ನಮ್ಮವರು ಪಿಸುಮಾತು ಮರೆತು ‘ಭಲೇ ಗುಬ್ಬಿ!’ ಎಂದು ಇಡೀ ಕಟ್ಟಡಕ್ಕೆ ಪ್ರಕಟಣೆ ಹೊರಡಿಸಿದರು, ಅದಕ್ಕೂ ಅವಳು ಹೆದರಲಿಲ್ಲ. ‘ನೋಡಿದ್ರಾ, ನಾನು ಹೇಳ್ಲಿಲ್ವಾ?’ ಎಂದಿತು ಬಾಗಿಲ ಸಂದಿ. ಆಗ ನನಗೆ ತಪ್ಪಿನ ಅರಿವಾಗಿ, ಉಳಿದ ಮೊಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ನಮ್ಮನ್ನು ಉಳಿಸಿದ್ದು ದೂರು ಕೊಟ್ಟವರೇ. ಸಂಗೀತದ ಮೇಷ್ಟ್ರು ಕಣ್ಣು ಮುಚ್ಚಿ, ‘ಇನ್ನೊಂದ್ಸಲ’ ಎಂದರು. ನಾನು ಮೊಟ್ಟೆ ತೋರಿಸಿದೆ, ಅವಳು ಬೊಗಳಿದಳು. ‘ನಾನು ದೂರು ಕೊಟ್ಟಿದ್ದು ಈ ದನಿ ಮೇಲಲ್ಲ. ಅದು ಗಡಸು, ಪ್ರತಿ ಸಲ ಒಂದೇ ರೀತಿ. ಇದು ಎಣ್ಣೆ ಕಾಣದ ಬಾಗಿಲು ಕಿರ್ ಅಂದ ಹಾಗಿದೆ. ಪಾಪ, ಈಗ ತಾನೆ ಕಲೀತಿದೆ’ ಎಂದರು. ಕಾರ್ಯದರ್ಶಿಗಳು ನೋಟಿಸನ್ನು ಅಲ್ಲೇ ರದ್ದು ಮಾಡಿ, ಒತ್ತಿದ ಗುಂಡಿ ಒತ್ತಿದ ಹಾಗೆಯೇ ಇರತಕ್ಕದ್ದೆಂದು ತೀರ್ಮಾನ ಕೊಟ್ಟರು. ಆ ಸಂಜೆಯೇ ಗುಬ್ಬಿ ಬಾಲವನ್ನು ಕಾಲ ನಡುವಿನಿಂದ ಹೊರತೆಗೆದು ಬೀದಿಯವರೆಗೆ ನಡೆದಳು.

ಹಾಗಾದರೆ ದೂರು ಏನೆಂದು ತಾವು ಕೇಳಬಹುದು. ತಾವು ಹೇಳದೆ ಕೇಳದೆ ನಿವೃತ್ತರಾಗಿ ತಮ್ಮ ಹುದ್ದೆಯನ್ನು ಅವಳ ತಲೆಗೆ ಕಟ್ಟಿರುವುದೇ ದೂರು. ಈಗ ಎರಡನೇ ಮಹಡಿ ತಲುಪಿದೊಡನೆ ಅವಳು ತಮ್ಮ ಕೆಳಗೆ ನಿಂತು ಒಮ್ಮೆ ಬೊಗಳಿ, ಸಂಬಳಕ್ಕೆ ನನ್ನ ಕೈ ನೋಡುತ್ತಾಳೆ. ಆದ್ದರಿಂದ ದಯಮಾಡಿ ತಾವು ಗೋಡೆಯ ಮೇಲೆ ಹೀಗೆಯೇ ಬಹುಕಾಲ ಮೌನವಾಗಿ ಬಾಳಬೇಕೆಂದೂ, ಅವಳ ದನಿಯಲ್ಲಿ ಕುಂದುಕೊರತೆ ಕಂಡರೆ ಹಿರಿಯರಾಗಿ ಕ್ಷಮಿಸಬೇಕೆಂದೂ ಕೋರುತ್ತೇನೆ.

ಬೊಗಳಿದ್ದನ್ನೂ ಬೊಗಳದ್ದನ್ನೂ ಮರೆಯದ,
ತಮ್ಮ ವಿಶ್ವಾಸಿ,
ಮೂರನೇ ಮಹಡಿಯವಳು

ತಾ.ಕ.: ನಿನ್ನೆ ಗುಬ್ಬಿ ಬೊಗಳಿದಾಗ ತಮ್ಮ ಯಜಮಾನರು ಸರಪಳಿ ತೆಗೆದು ಹೊರಗೆ ಬಂದರು. ಬೈಯಲು ಬಂದವರು, ಅವಳು ಬಾಲ ಅಲ್ಲಾಡಿಸಿದ್ದನ್ನು ಕಂಡು ಬಾಗಿಲು ಹಾಕಿಕೊಳ್ಳುವುದನ್ನೇ ಮರೆತಾಗ, ಅವರು ಕರೆಯದಿದ್ದರೂ ನಮ್ಮತ್ತೆ ಒಳಗೆ ಹೋಗಿ ಕೂತು ಮಾತನಾಡಿಸಿ ಬಂದರು. ಆ ಮನೆಯಲ್ಲಿ ಒಂದು ಕುರ್ಚಿ ಬಿಟ್ಟು ಉಳಿದವುಗಳ ಮೇಲೆಲ್ಲ ಹಳೆಯ ಪೇಪರು ಪೇರಿಸಿದೆಯಂತೆ. ತಾವು ಕಾವಲಿದ್ದಷ್ಟು ಕಾಲ ಅಲ್ಲಿಗೆ ಒಬ್ಬ ಕಳ್ಳನೂ ಬರಲಿಲ್ಲವೆಂಬ ಹೆಗ್ಗಳಿಕೆ ತಮ್ಮದೇ ಆಗಿರಲಿ. ಬೇರೆ ಯಾರೂ ಬರಲಿಲ್ಲವೆಂಬುದನ್ನೂ ದಯವಿಟ್ಟು ಅದೇ ಹೆಗ್ಗಳಿಕೆಗೆ ಸೇರಿಸಿಕೊಳ್ಳಿ.