ಹಾರ್ನ್ ಕೆಟ್ಟ ಸ್ಕೂಟರಿನ ಹಿಂದಿನ ಸೀಟು

ನನ್ನ ಕಾರನ್ನು ನಾನೇ ಬಾಯ್ತುಂಬ ಬೈದು, ಬೈದ ತಪ್ಪಿಗೇ ಅದನ್ನು ಕಳೆದುಕೊಂಡ ಮಹಾನುಭಾವ ನಾನು. ನಗಬೇಡಿ, ಪೂರ್ತಿ ಕೇಳಿ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ನಾನು ಡೆಂಟಲ್ ಲ್ಯಾಬೊಂದರಲ್ಲಿ ಹಲ್ಲಿನ ಸೆಟ್ಟು ಕಟ್ಟುವವನು. (ಊರಿನ ಹಿರಿಯರೆಲ್ಲ ನಗುವುದು ನನ್ನ ಕೃಪೆಯಿಂದ. ಆದರೆ ಸೆಟ್ಟು ಕಚ್ಚುತ್ತೆ ಅಂತ ಬರುವಾಗ ಮಾತ್ರ ಒಬ್ಬರ ಮುಖದಲ್ಲೂ ನಗು ಇರುವುದಿಲ್ಲ.) ಹೊರದೇಶದ ಆಸ್ಪತ್ರೆಯೊಂದು ಅವಳನ್ನು ಕರೆಯಿತು. ಅವಳಿಗೆ ಅಲ್ಲಿ ಸಿಕ್ಕಿದ್ದು ಕೆಲಸ. ನನಗೆ ಸಿಕ್ಕಿದ್ದು ‘ಜೊತೆಗೆ ಬರುವ ಗಂಡ’ ಎಂಬ ಘನ ಪದವಿ.

"ರೀ, ಹೊರಡೋಕೆ ಇನ್ನು ಮೂರು ತಿಂಗಳು. ಎರಡು ಗಾಡಿ ಇಟ್ಕೊಂಡು ಏನ್ ಮಾಡೋದು? ಒಂದನ್ನ ಈಗಲೇ ಮಾರಿಬಿಡೋಣ" ಅಂದಳು.

"ಆಗಲಿ. ನಿನ್ನ ಸ್ಕೂಟರ್ ಮಾರೋಣ."

"ಯಾಕೆ, ನಿಮ್ಮ ಕಾರಿಗೇನು ಕೊಂಬು ಬಂದಿದೆಯಾ?"

"ಲೇ, ಅದು ನಾನು ಓಡಿಸೋ ಕಾರು ಕಣೇ!"

"ಅದಕ್ಕೇ ಹೇಳಿದ್ದು."

ವಾದ ಎರಡು ದಿನ ನಡೆದು, ಕೊನೆಗೆ ಸಂಧಾನವಾಯಿತು. ಎರಡನ್ನೂ ಮಾರಾಟಕ್ಕಿಡುವುದು, ಯಾವುದನ್ನು ಮೊದಲು ಕೇಳುತ್ತಾರೋ ಅದು ಹೋಗುವುದು. ನಾನು ಒಳಗೊಳಗೇ ಒಂದು ರಾಜತಂತ್ರ ಹೆಣೆದೆ. ಕಾರು ನೋಡಲು ಬಂದವರ ಮುಂದೆ ಅದರ ಮಾನ ಕಳೆಯುವುದು, ಸ್ಕೂಟರನ್ನು ಅಟ್ಟಕ್ಕೇರಿಸುವುದು!

ಮೊದಲು ಬಂದವರು ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು. ಹೋದ ವರ್ಷ ಅವರ ಹಲ್ಲಿನ ಸೆಟ್ಟು ಕಟ್ಟಿಕೊಟ್ಟಿದ್ದವನು ನಾನೇ.

"ಮೇಷ್ಟ್ರೇ, ನಿಮ್ಮ ಹತ್ರ ಯಾಕೆ ಮುಚ್ಚುಮರೆ? ಈ ಕಾರಿನ ಎಡಗಡೆ ಬಾಗಿಲು ಒಳಗಿಂದ ತೆಗೆಯೋಕೆ ಬರಲ್ಲ. ಎಸಿ ಗೊರಕೆ ಹೊಡೆಯುತ್ತೆ. ಬೆಳಗ್ಗೆ ಸ್ಟಾರ್ಟ್ ಆಗಬೇಕಾದ್ರೆ ಮಗೂನ ಎಬ್ಬಿಸಿದ ಹಾಗೆ ಪುಸಲಾಯಿಸಬೇಕು. ಅದೇ ಈ ಸ್ಕೂಟರ್ ನೋಡಿ, ಅಪ್ಪಟ ಚಿನ್ನ!"

ಮೇಷ್ಟ್ರು ಸ್ಕೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಂಥ ಪ್ರಾಮಾಣಿಕ ಮನುಷ್ಯನ್ನ ನಾನು ನೋಡೇ ಇಲ್ಲ ಕಣಪ್ಪ. ಇಷ್ಟು ಸಣ್ಣ ದೋಷಾನೂ ಬಚ್ಚಿಡದವನು ದೊಡ್ಡದನ್ನ ಬಚ್ಚಿಡ್ತಾನಾ? ಕಾರು ನಂದು!"

ಕಿಟಕಿಯಲ್ಲಿ ನಿಂತಿದ್ದ ನನ್ನವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾರು ಬೀದಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಗೇಟು ಹಿಡಿದು ನಿಂತಿದ್ದೆ. ದ್ರೋಹಿ ಕಾರು, ಅವತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಗಿಬಿಟ್ಟಿತ್ತು.

ಅಲ್ಲಿಂದ ಶುರುವಾಯಿತು ನನ್ನ ಹಿಂದಿನ ಸೀಟಿನ ಬಾಳು. ಸ್ಕೂಟರ್ ಅವಳದು, ಓಡಿಸುವವಳೂ ಅವಳೇ. ಬೆಳಗ್ಗೆ ನನ್ನನ್ನು ಲ್ಯಾಬಿನ ಮುಂದೆ ಇಳಿಸಿ ಆಸ್ಪತ್ರೆಗೆ ಹೋಗುವಳು, ಸಂಜೆ ಬಂದು ಹತ್ತಿಸಿಕೊಳ್ಳುವಳು. ಅಷ್ಟರಲ್ಲಿ ಹಾರ್ನ್ ಕೆಟ್ಟಿತು. "ಹೇಗಿದ್ರೂ ಮಾರೋ ಗಾಡಿ, ರಿಪೇರಿ ಯಾಕೆ?" ಅಂತ ಬುದ್ಧಿವಂತಿಕೆ ತೋರಿಸಿದವನು ನಾನೇ. ಹಾಗಾಗಿ ಹಾರ್ನಿನ ಹುದ್ದೆ ನನಗೇ ಬಂತು. "ದಾರಿ ಬಿಡೀ! ಓ ಸೈಕಲ್ಲೂ! ಅಮ್ಮಾ, ಪಕ್ಕಕ್ಕೆ!" ಅಂತ ಕೂಗಿ ಕೂಗಿ ಗಂಟಲು ಒಡೆದು ಹೋಯಿತು.

ಪ್ರಯಾಣಕ್ಕೆಂದು ಕೊಂಡ ದೊಡ್ಡ ಸೂಟ್‌ಕೇಸನ್ನು ಒಂದು ಸಂಜೆ ತಬ್ಬಿಕೊಂಡು ಹಿಂದೆ ಕೂತು ಬರುತ್ತಿದ್ದೆ. ದಾರಿಯಲ್ಲಿ ಅದನ್ನು ಕಂಡಿದ್ದ ಲ್ಯಾಬಿನ ಹಿರಿಯರೊಬ್ಬರು ಮಾರನೇ ದಿನ ನನ್ನ ಹೆಗಲ ಮೇಲೆ ಕೈಯಿಟ್ಟು, "ಗಂಡ ಹೆಂಡತಿ ಅಂದಮೇಲೆ ಇದ್ದದ್ದೇ ಕಣಯ್ಯ. ಅದಕ್ಕೆಲ್ಲ ಮನೆ ಬಿಡಬಾರದು" ಅಂದರು.

ಆದರೂ ಸುಳ್ಳು ಯಾಕೆ ಹೇಳಲಿ, ಆ ಹಿಂದಿನ ಸೀಟು ನನಗೆ ಹಿಡಿಸಿಬಿಟ್ಟಿತು. ಕಾರು ಇದ್ದಾಗ ಅವಳೊಂದು ದಿಕ್ಕು, ನಾನೊಂದು ದಿಕ್ಕು. ಈಗ ದಿನಾ ಎರಡು ಹೊತ್ತು ಮಾತೇ ಮಾತು. ಇಬ್ಬರ ತಲೆಗೂ ಹೆಲ್ಮೆಟ್ ಇದ್ದುದರಿಂದ ಆಡಿದ್ದೆಲ್ಲ ಕೂಗಾಟವೇ. ನಮ್ಮ ಮನೆಯ ಗುಟ್ಟೆಲ್ಲ ಊರಿನ ಸಿಗ್ನಲ್ಲುಗಳಿಗೆ ಬಾಯಿಪಾಠ.

ಹಾಗೇ ಒಂದು ಸಿಗ್ನಲ್ಲಿನಲ್ಲಿ, ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೂಗಿಯೇಬಿಟ್ಟೆ.

"ಅಲ್ವೇ, ಅಲ್ಲಿ ನಿನಗೆ ಕೆಲಸ ಇದೆ. ನಾನು ಏನು ಮಾಡ್ಲಿ? ನಾನೂ ಒಂದು ಲಗೇಜಾ?"

ಪಕ್ಕದ ಬೈಕಿನವನು ಪಾಪ ಅನ್ನುವಂತೆ ನನ್ನನ್ನು ನೋಡಿದ. ಅವಳು ಏನೋ ಹೇಳಲು ತಿರುಗಿದಳು, ಅಷ್ಟರಲ್ಲಿ ಹಸಿರು ದೀಪ ಬಂತು. ಆಮೇಲೆ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಲು ಭಯವಾಗುತ್ತಿತ್ತು.

ಹೊರಡುವ ವಾರ ಬಂತು. ಸ್ಕೂಟರ್ ಕೊಳ್ಳಲು ಬಂದವರು ಮತ್ತದೇ ಮೇಷ್ಟ್ರು! "ಮಗಳಿಗೊಂದು ಗಾಡಿ ಬೇಕಿತ್ತು. ಸುಳ್ಳು ಹೇಳದ ಮನೆ ಅಂತ ಇಲ್ಲಿಗೇ ಬಂದೆ" ಅಂದರು.

ನನಗೋ, ಇನ್ನೊಂದು ನಾಲ್ಕು ದಿನವಾದರೂ ಆ ಸೀಟು ಬೇಕಿತ್ತು. ಈ ಸಲ ತಂತ್ರವನ್ನು ತಿರುವಿ ಹಾಕಿದೆ. ದೋಷ ಹೇಳಿದರೆ ತಾನೆ ಕೊಳ್ಳುತ್ತಾರೆ? ಹಾಡಿ ಹೊಗಳಿದೆ.

"ಇದರಲ್ಲಿ ದೋಷವೇ ಇಲ್ಲ ಮೇಷ್ಟ್ರೇ! ಗಾಳಿ ಥರ ಹೋಗುತ್ತೆ! ಕೂತರೆ ಸಿಂಹಾಸನ!"

ನನ್ನ ತಂತ್ರ ಫಲಿಸಿತು. ಮೇಷ್ಟ್ರ ಮುಖ ಸಣ್ಣದಾಯಿತು. "ಯಾಕೋ ಇವತ್ತು ನೀನು ನೀನಾಗಿಲ್ಲ ಕಣಪ್ಪ" ಅಂದವರೇ, ನನ್ನ ಹೆಂಡತಿಯ ಕಡೆ ತಿರುಗಿದರು. "ನೀನಾದ್ರೂ ನಿಜ ಹೇಳಮ್ಮ. ಇದರಲ್ಲಿ ಏನು ಕೆಟ್ಟಿದೆ?"

"ಹಾರ್ನ್ ಕೆಟ್ಟಿದೆ ಸಾರ್."

"ಅಯ್ಯೋ! ಇಷ್ಟು ದಿನ ಹಾರ್ನಿಲ್ಲದೆ ಹೇಗಮ್ಮ ಓಡಿಸಿದೆ?"

ಅವಳು ನನ್ನ ಕಡೆ ಕೈ ತೋರಿಸಿದಳು. "ಇವರು ಹಿಂದೆ ಕೂತು ಕೂಗ್ತಿದ್ರು. ಆದ್ರೆ ಒಂದು ಮಾತು ಸಾರ್, ಈ ಹಾರ್ನು ಗಾಡಿ ಜೊತೆ ಕೊಡಲ್ಲ. ಇದನ್ನ ನಾನೇ ಕರ್ಕೊಂಡು ಹೋಗ್ತಿದ್ದೀನಿ. ಗೊತ್ತಿಲ್ಲದ ಊರು, ಇವರ ಗಂಟಲು ಹಿಂದೆ ಇಲ್ದಿದ್ರೆ ನನಗೆ ಗಾಡಿ ಮುಂದಕ್ಕೆ ಬಿಡೋಕೇ ಧೈರ್ಯ ಬರಲ್ಲ."

ಸಿಗ್ನಲ್ಲಿನಲ್ಲಿ ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ನನ್ನ ಕಣ್ಣು ತುಂಬಿತು. ಏನಾದರೂ ಹೇಳೋಣವೆಂದು ಬಾಯಿ ತೆರೆದರೆ, ಒಡೆದ ಗಂಟಲಿನಿಂದ ಬಂದದ್ದು "ಪೀಂ" ಎಂಬ ಒಂದೇ ಸದ್ದು.

"ಅಪ್ಪಟ ಹಾರ್ನೇ ಕಣಮ್ಮ!" ಅಂತ ಮೇಷ್ಟ್ರು ಗೇಟಿನ ಆಚೆಯವರಿಗೂ ಕೇಳುವಂತೆ ನಕ್ಕರು. ಕೀಲಿಕೈ ಇಸಿದುಕೊಂಡು ಸ್ಕೂಟರ್ ಹತ್ತುವಾಗಲೂ ನನ್ನ ಮುಖ ನೋಡಿ ನೋಡಿ ನಗುತ್ತಲೇ ಇದ್ದರು. ನಾನು ಕಟ್ಟಿದ ಸೆಟ್ಟು ಅಷ್ಟು ಜೋರು ನಗುವಿಗೂ ಅಲ್ಲಾಡಲಿಲ್ಲ.