ಸೂಜಿ ಇಲ್ಲದ ಹೊಟ್ಟೆನೋವು

ಕಾಯಿಲೆಯನ್ನು ಹೇಗೋ ಸಹಿಸಬಹುದು, ಕಾಯಿಲೆ ವಿಚಾರಿಸಲು ಬರುವವರನ್ನು ಸಹಿಸುವುದು ಕಷ್ಟ. ಕೊಟ್ಟೂರಿನಲ್ಲಿ ಟೀಚರ್ ಆಗಿರುವ ನನಗೆ ಇಂಥ ಪ್ರಸಂಗಗಳು ಹೊಸವಲ್ಲ. ಆದರೆ ಎರಡು ಸಾವಿರನೇ ಇಸವಿಯ ಈಚೆಗೆ ಒಂದು ವಾರ ಬಂದಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿಲ್ಲ.

ಒಂದು: ಬಂದದ್ಯಾಕೆ?

ಎಡಗಡೆ ಕೆಳಹೊಟ್ಟೆ ಹಿಡಿದುಕೊಂಡು ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು.

"ದೊಡ್ಡ ಕರುಳಿನ ಗೋಡೆಯಲ್ಲಿ ಸಣ್ಣ ಚೀಲಗಳಾಗಿವೆ, ಅದರಲ್ಲೊಂದು ಊದಿದೆ. ಡೈವರ್ಟಿಕ್ಯುಲೈಟಿಸ್ ಅಂತಾರೆ. ತೂತಿಲ್ಲ, ಕೀವಿಲ್ಲ, ನಿಮಗೆ ಬೇರೆ ಕಾಯಿಲೆಯೂ ಇಲ್ಲ. ಆಂಟಿಬಯಾಟಿಕ್ ಬೇಡ. ಎರಡು ಮೂರು ದಿನ ಗಂಜಿ ತಿಳಿ, ಎಳನೀರು, ನೋವಿಗೆ ಈ ಮಾತ್ರೆ. ಮೂರನೇ ದಿನ ತೋರಿಸಿ. ಜ್ವರ, ವಾಂತಿ ಬಂದರೆ, ನೋವು ಏರಿದರೆ ಮಾತ್ರ ತಡಮಾಡದೆ ಓಡಿ ಬನ್ನಿ."

ನಮ್ಮ ಮನೆಯವರು ಕೇಳಿದರು: "ಸೂಜಿ?"

"ಬೇಡ."

"ಸಲೈನ್ ಆದ್ರೂ?"

"ಬೇಡ."

"ಹಂಗಾದ್ರ ನಾವು ಬಂದದ್ಯಾಕ್ರಿ?"

ನನಗೆ ನಾಚಿಕೆಯಿಂದ ಮೈ ಉರಿಯಿತು. ವಾಪಸ್ ಬರುವಾಗ ಬಸ್ಸು ಹರಪನಹಳ್ಳಿ ಮುಟ್ಟಿತು. ಇವರು ನನ್ನ ಕಿವಿಯ ಹತ್ತಿರ ಬಗ್ಗಿ ಅಂದರು, "ಪಾಪ, ಆಯಮ್ಮಗ ಸೂಜಿ ಹಾಕಾಕ ಬರಂಗಿಲ್ಲ ಕಾಣ್ತೈತಿ."

ಎರಡು: ರಾಜಿ

ಇವರು ಎಸ್‌ಟಿಡಿ ಬೂತಿನಿಂದ ನಮ್ಮ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ನನಗೆ ರಜೆ ಕೇಳಿ, ರೋಗದ ಹೆಸರು ಹೇಳತೊಡಗಿದರು. ಹೆಸರು ಅರ್ಧಕ್ಕೆ ಬಂದಾಗ ಲೈನ್ ಕಟ್ಟಾಯಿತು. ಸಂಜೆ ಹೆಡ್‌ಮಾಸ್ಟರು ಮನೆಗೇ ಬಂದು, ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಟೀಚರ್, ಸಣ್ಣ ಸಣ್ಣ ಮಾತಿಗೆ ಡೈವರ್ಸ್ ತನಕ ಹೋಗಬಾರ್ದ್ರಿ."

"ಡೈವರ್ಸ್ ಅಲ್ಲ ಸಾರ್, ಹೊಟ್ಟಿನೋವು!"

"ಸಂಸಾರ ಅಂದಮ್ಯಾಲೆ ಹೊಟ್ಟಿನೋವು ಇರೋದ. ಹೊಂದ್ಕೊಂಡು ಹೋಗ್ರಿ."

ಮೂರು: ಶಕ್ತಿ

ಎದುರುಮನೆಯ ಅಕ್ಕ ಮರುದಿನ ಮಂಡಕ್ಕಿ ಒಗ್ಗರಣೆ, ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ತಂದಳು. "ಬರೇ ಗಂಜಿ ಕುಡಿದ್ರ ಶಕ್ತಿ ಎಲ್ಲಿಂದ ಬರ್ತೈತಿ? ತಿನ್ನು."

"ತಿನ್ನಂಗಿಲ್ಲ ಅಂದಾರ ಡಾಕ್ಟ್ರು! ತಗೊಂಡು ಹೋಗು!" ಎಂದು ಚೀರಿದೆ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮಂಚದ ಮೇಲೆಯೇ ಕೂತು, ನಾನು ನೋಡುತ್ತಿದ್ದ ಹಾಗೆ ಒಂದೊಂದಾಗಿ ಎಲ್ಲ ಬಜ್ಜಿಯನ್ನೂ ಮುಗಿಸಿ, ಕಣ್ಣೊರೆಸಿಕೊಂಡಳು.

"ನಿನ್ನ ನೋಡಿದ್ರ ನನಗ ಅನ್ನನ ಸೇರವಲ್ದವ್ವ."

ನಾಲ್ಕು: ಕಂಪೌಂಡರು

ಮೂರನೇ ದಿನ ದಾವಣಗೆರೆಗೆ ಹೋಗಿ ತೋರಿಸಿ ಬಂದೆ. ನೋವು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಮೆತ್ತಗಿನ ಅನ್ನ ಶುರು ಮಾಡಿ ಅಂದಿದ್ದರು. ಮನೆಗೆ ಬಂದರೆ ಜಗಲಿಯ ಮೇಲೆ ಒಬ್ಬ ಮುದುಕ ಸಿರಿಂಜಿಗೆ ಔಷಧ ಎಳೆದುಕೊಂಡು ಕೂತಿದ್ದ. ಹೂವಿನಹಡಗಲಿಯ ರಿಟೈರ್ಡ್ ಕಂಪೌಂಡರು. ನನಗೆ ಗೊತ್ತಾಗದ ಹಾಗೆ ನಮ್ಮ ಮನೆಯವರೇ ಕರೆಸಿದ್ದರು.

ಮೂರು ದಿನದ ಸಿಟ್ಟೆಲ್ಲ ಒಮ್ಮೆಲೇ ಹೊರಬಂತು. "ಹೊಟ್ಟಿ ನಂದು, ನೋವು ನಂದು, ಕಡಿಮಿ ಆಗೇತಿ ಅಂತ ನಾನ ಹೇಳ್ತೀನಿ! ಯಾರನ್ನ ಕೇಳಿ ಕರೆಸಿದ್ರಿ? ಏನೈತಿ ಅದ್ರಾಗ?"

ಕಂಪೌಂಡರು ಗಾಬರಿಯಾದರು. "ಬರೇ ಬಿ-ಕಾಂಪ್ಲೆಕ್ಸಮ್ಮ, ತಾಕತ್ತಿಗೆ. ಆದ್ರ ಎಳದುಬಿಟ್ಟೀನಿ, ವಾಪಸ್ ಹಾಕಾಕ ಬರಂಗಿಲ್ಲ."

ಒಳಗೆ ಕೂತು ಎಲ್ಲ ಕೇಳುತ್ತಿದ್ದ ನಮ್ಮ ಅತ್ತೆ ಎದ್ದು ಬಂದು ಮಗನ ರಟ್ಟೆ ಹಿಡಿದರು. "ಅಷ್ಟು ದೂರದಿಂದ ಬಂದಾರ, ಬರಿಗೈಲೆ ಹೆಂಗ ಕಳಿಸೋದು? ಲೇ, ನೀನ ತಿರುಗು."

ಇವರು "ಯವ್ವಾ, ನನಗೇನಾಗೇತಿ!" ಎನ್ನುವಷ್ಟರಲ್ಲಿ ಕೆಲಸ ಮುಗಿದಿತ್ತು. ಎರಡು ದಿನ ಕುಂಟಿದರು.

ಮುಂದಿನ ವಾರ ನಾನು ಸೀರೆ ಉಟ್ಟು ಶಾಲೆಗೆ ಹೊರಟೆ. ಎದುರುಮನೆಯ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು:

"ನೋಡ್ರೆವ್ವಾ, ಡಾಕ್ಟ್ರು ಬ್ಯಾಡಂದ್ರ ಏನಾತು? ಗಂಡಗ ಒಂದು ಸೂಜಿ ಹಾಕಿಸಿದ್ರು, ಹೆಂಡ್ತಿ ಎದ್ದು ಕುಂತಳು!"